ರಕ್ತ ನಂದಲ್ಲ, ಕೊಟ್ರೇಶಣ್ಣಂದು

ಗೆಳೆಯರೇ, ಎದಿ ಇನ್ನೂ ಡವಡವ ಅಂತೈತಿ. ಬೆಳಿಗ್ಗೆ ಇಲ್ಲೇ ಕೊಟ್ಟೂರಾಗ ಕೊಟ್ರೇಶಣ್ಣನ ಕಟಿಂಗ್ ಶಾಪಿನಾಗ ಶೇವಿಂಗ್‌ಗೆ ಕುಂತಿದ್ದೆ. ಕತ್ತಿ ನನ್ನ ಗಂಟಲ ಮ್ಯಾಲಿತ್ತು. ಹಿಂದ ಬೆಂಚಿನ ಮ್ಯಾಲೆ ಪೇಪರ್ ಓದ್ತಿದ್ದವರೊಬ್ಬರು “ಅಯ್ಯೋ, ರಕ್ತ! ರಕ್ತ!” ಅಂತ ಕೂಗಿದ್ರು.

“ಸತ್ತೆ!” ಅಂತ ಕುತ್ತಿಗಿ ಹಿಡ್ಕೊಂಡೆ. ಕೈಗೆ ಬರೀ ನೊರೆ ಹತ್ತಿತು. ಕೆಳಗ ನೋಡಿದ್ರ ಕೊಟ್ರೇಶಣ್ಣನ ಪಾದದ ಸುತ್ತ ರಕ್ತ ಮಡುಗಟ್ಟಿತ್ತು. ಒಂದು ಕಾಲಿನ ಉಗುರಿನಿಂದ ಇನ್ನೊಂದು ಕಾಲು ಕೆರ್ಕೊಂಡಾಗ ಉಬ್ಬಿದ ನರ ಒಡದಿತ್ತು. ಪುಣ್ಯಾತ್ಮಗ ನೋವೇ ಗೊತ್ತಾಗಿಲ್ಲ!

ಬೈಕಿನಾಗ ಕೂರಿಸ್ಕೊಂಡು ಆಸ್ಪತ್ರಿಗೆ ಹೋದೆ. ಕಾಲು ಇಳಿಬಿಟ್ಟಿದ್ದಕ್ಕ ರಕ್ತ ಇನ್ನೂ ಜೋರಾತು. ಡಾಕ್ಟ್ರಮ್ಮ ಅವನನ್ನ ಮಲಗಿಸಿ, ಕಾಲು ಮ್ಯಾಲೆತ್ತಿ, ಬಟ್ಟಿ ಇಟ್ಟು ಒತ್ತಿ ಹಿಡಿದ್ರು. ಸ್ವಲ್ಪ ಹೊತ್ತಿಗೆ ನಿಂತೇಬಿಡ್ತು! “ಇಷ್ಟನ್ನ ಅಂಗಡಿಯಾಗೇ ಮಾಡಬೇಕಿತ್ತಲ್ರೀ, ಆಮ್ಯಾಲೆ ಕರ್ಕೊಂಡು ಬರಬೇಕಿತ್ತು” ಅಂತ ನನಗ ಬೈದ್ರು.

ಆಮ್ಯಾಲೆ ಅವನಿಗೆ ಹೇಳಿದ್ರು: “ಇದು ವೆರಿಕೋಸ್ ವೇನ್ಸ್, ಕಾಲಿನ ನರ ಉಬ್ಬೋ ರೋಗ. ದಿನವಿಡೀ ನಿಂತೇ ಕೆಲಸ ಮಾಡಿದ್ರ ರಕ್ತ ಮ್ಯಾಲೆ ಹೋಗದೆ ಕಾಲಾಗೇ ನಿಲ್ತೈತಿ. ಸ್ಕ್ಯಾನ್ ಮಾಡಿಸ್ರಿ. ಬಿಗಿ ಕಾಲುಚೀಲ ಐತಿ, ಬೇಕಾದ್ರ ಲೇಸರ್ ಚಿಕಿತ್ಸೆ ಐತಿ. ಅಲ್ಲೀತನಕ ಕುಂತು ಮಾಡೋ ಕೆಲಸ ಮಾಡ್ರಿ.”

ಕೊಟ್ರೇಶಣ್ಣ ಮಲಗಿದಲ್ಲೇ ಯೋಚನೆ ಮಾಡಿ, “ಕುಂತು ಮಾಡೋದು ನನಗ ಊಟ ಒಂದೇ ಬರೋದ್ರಿ ಮೇಡಂ” ಅಂದ.

ನಾಳೆ ಬೆಳಿಗ್ಗೆ ಸ್ಕ್ಯಾನ್‌ಗೆ ಹೊಸಪೇಟೆ ಬಸ್ಸಿನಾಗ ಕರ್ಕೊಂಡು ಹೊಂಟೀನಿ. ಯಾರಾದ್ರೂ ಸೀಟು ಬಿಟ್ಟುಕೊಡ್ರಪ್ಪಾ, ಅಲ್ಲೂ ಅವ ನಿಂತೇ ಹೋಗೋದು ಬ್ಯಾಡ.