ಚಾಪೆ ತಿರುಗಿಸದ ಮೇಷ್ಟ್ರು

ಮೊನ್ನೆ ಕಡೂರಿನ ಸಂತೆಯಲ್ಲಿ ಕೊಬ್ಬರಿ ಆರಿಸುತ್ತಿದ್ದೆ. ಒಂದು ಗಿಟುಕನ್ನು ಮೂಗಿನ ಹತ್ತಿರ ಹಿಡಿದಾಗ ಕಮಟು ವಾಸನೆ ಬಂತು. ಬೇರೆಯವರಾಗಿದ್ದರೆ ಅದನ್ನು ಅಲ್ಲೇ ಬಿಟ್ಟು ಇನ್ನೊಂದನ್ನು ಎತ್ತಿಕೊಳ್ಳುತ್ತಿದ್ದರು. ನನ್ನ ಬೆನ್ನು ತಾನಾಗಿಯೇ ನೆಟ್ಟಗಾಯಿತು. ಬೀರೂರಿನಲ್ಲಿ ಕೊಬ್ಬರಿ ಮಂಡಿಯೊಂದರ ಮಹಡಿಯ ಮೇಲೆ ನಮ್ಮ ಯೋಗದ ಮೇಷ್ಟ್ರ ತರಗತಿ ನಡೆಯುತ್ತಿತ್ತು. ಉಸಿರು ಒಳಗೆ ಎಳೆದುಕೊಳ್ಳಿ ಎಂದು ಅವರು ಹೇಳಿದಾಗಲೆಲ್ಲ ನಾವು ಎಳೆದುಕೊಂಡದ್ದು ಈ ವಾಸನೆಯನ್ನೇ.

ಮೇಷ್ಟ್ರು ರೈಲ್ವೆಯಲ್ಲಿ ದುಡಿದು ನಿವೃತ್ತರಾದವರು. ಒಣಕಲು ಮೈ, ಹರಿತವಾದ ನಾಲಿಗೆ. ಎರಡನೇ ಹೆರಿಗೆಯಾದ ಮೇಲೆ ಸೊಂಟನೋವು ಬಿಡದೆ, ಕಡೂರಿನಿಂದ ಬೆಳಗಿನ ಬಸ್ಸು ಹಿಡಿದು ಅವರಲ್ಲಿಗೆ ಹೋಗತೊಡಗಿದೆ. ಮೊದಲ ವಾರವೇ ನನ್ನನ್ನು ಎಲ್ಲರ ಮುಂದೆ ಬಗ್ಗಿಸಿ ನಿಲ್ಲಿಸಿದರು. ನಾನು ಹಿಗ್ಗಿದೆ. "ನೋಡ್ಕಳ್ರಿ, ಇವ್ಳು ಮಾಡ್ದಂಗೆ ಮಾಡ್ಬಾರ್ದು" ಎಂದರು. ಅಲ್ಲಿಂದ ಮುಂದೆ ಅದೇ ನನ್ನ ಕೆಲಸವಾಯಿತು. ಮಂಡಿ ಎಲ್ಲಿ ಮಡಚಬಾರದು, ಭುಜ ಎಲ್ಲಿ ಕುಸಿಯಬಾರದು, ಎಲ್ಲಕ್ಕೂ ನಾನೇ ಉದಾಹರಣೆ.

ಅವರಲ್ಲಿ ಪರೀಕ್ಷೆ, ಸರ್ಟಿಫಿಕೇಟು ಯಾವುದೂ ಇರಲಿಲ್ಲ. ನಾವೆಲ್ಲ ಅವರ ಕಡೆ ಮುಖ ಮಾಡಿ ಚಾಪೆ ಹಾಸುತ್ತಿದ್ದೆವು. ಯಾರಾದರೂ ತಯಾರಾಗಿದ್ದಾರೆ ಎಂದು ಅನ್ನಿಸಿದ ದಿನ "ಚಾಪೆ ತಿರುಗ್ಸು" ಎನ್ನುತ್ತಿದ್ದರು. ಹಾಗೆ ಹೇಳಿಸಿಕೊಂಡವರು ಎದ್ದು ಮುಂದೆ ಹೋಗಿ, ಚಾಪೆಯನ್ನು ನಮ್ಮ ಕಡೆ ತಿರುಗಿಸಿ ಹಾಸಿ, ಆ ದಿನದ ಪಾಠ ನಡೆಸಬೇಕು. ಅಂದಿನಿಂದ ಅವರೂ ಮೇಷ್ಟ್ರು. ಆ ಎರಡು ಪದ ಕೇಳಬೇಕೆಂದು ನಾನು ಎಷ್ಟು ವರ್ಷ ಬಸ್ಸು ಹತ್ತಿದೆನೋ...

ತರೀಕೆರೆಯಿಂದ ಒಬ್ಬಾಕೆ ಬಂದು ಸೇರಿದಳು. ಹೊಸಬರಿಗೆ ಮೂಲೆಯಲ್ಲಿ ಮೊದಲ ಪಾಠ ಹೇಳಿಕೊಡುವುದು ನನ್ನ ಪಾಲಿಗೆ ಬಂದಿತ್ತು, ಹಾಗಾಗಿ ಅವಳಿಗೆ ಒಂಟಿಕಾಲಲ್ಲಿ ನಿಲ್ಲಲು ಕಲಿಸಿದವಳು ನಾನೇ. ಮರುವರ್ಷ ಮೇಷ್ಟ್ರು ಅವಳ ಚಾಪೆ ತಿರುಗಿಸಿದರು. ಅವತ್ತು ತಡೆಯಲಾಗದೆ, ನನ್ನದು ಯಾವಾಗ ಎಂದು ಕೇಳಿಬಿಟ್ಟೆ. "ನಿಂದು ಹಂಗೇ ಇರ್ಲಿ ಬಿಡು. ತಪ್ಪು ತೋರ್ಸಕ್ಕೆ ಒಬ್ರು ಬೇಕಲ್ಲ" ಎಂದರು. ಮಹಡಿ ಪೂರ್ತಿ ನಕ್ಕಿತು. ನಾನೂ ನಕ್ಕೆ. ಬಸ್ಸಿನಲ್ಲಿ ಕಿಟಕಿಗೆ ಮುಖ ಕೊಟ್ಟು ಕೂತು, ಮನೆ ಸೇರುವಷ್ಟರಲ್ಲಿ ಅತ್ತು ಮುಗಿಸಿದ್ದೆ.

ಸೊಂಟನೋವು ಆಗಲೇ ಹೋಗಿತ್ತು. ಬಿಟ್ಟುಬಿಡಬಹುದಿತ್ತು, ಕಡೂರಿನಲ್ಲೇ ನಾಲ್ಕು ಹೆಂಗಸರನ್ನು ಸೇರಿಸಿಕೊಂಡು ಹೇಳಿಕೊಡು ಎಂದು ನಮ್ಮನೆಯವರೂ ಹೇಳುತ್ತಿದ್ದರು. ನನಗೆ ಹಟ. ಮೇಷ್ಟ್ರ ಬಾಯಿಂದಲೇ ಆ ಮಾತು ಬರಬೇಕಿತ್ತು.

ಆಮೇಲೆ ಅವರಿಗೆ ಲಕ್ವ ಹೊಡೆಯಿತು. ಬಲಗೈ ಬಿದ್ದುಹೋಯಿತು, ಮಾತು ನಿಂತಿತು. ಚಾಪೆ ತಿರುಗಿಸಿಕೊಂಡವರೆಲ್ಲ ಒಮ್ಮೆ ಹಣ್ಣು ಹಿಡಿದು ಬಂದು ಹೋದರು. ಅವರ ಹೆಂಡತಿ ನನಗೆ ಫೋನು ಮಾಡಿದರು. "ಯಾರ್ನೂ ಹತ್ರ ಬಿಟ್ಕಳಲ್ಲ ಕಣಮ್ಮ. ನೀನು ಬಂದ್ರೆ ಕೈ ಎತ್ತುತಾರೇನೋ" ಎಂದರು. ದಿನಾ ಬೆಳಿಗ್ಗೆ ಹೋದೆ. ಅವರು ಕಲಿಸಿದ್ದನ್ನೇ ಅವರಿಗೆ ಕಲಿಸಿದೆ. ಭುಜ ಎತ್ತಿಸಿದೆ, ಬೆರಳು ಬಿಡಿಸಿದೆ, ನಾಲಿಗೆ ಸಡಿಲವಾಗಲೆಂದು ಪಕ್ಕದಲ್ಲಿ ಕೂತು ಜೇನುನೊಣದಂತೆ ಗುಂಯ್‌ಗುಟ್ಟಿಸಿದೆ. ನಾನು ಕೈ ಹಿಡಿಯುವುದು ತಪ್ಪಿದರೆ ಕಣ್ಣಲ್ಲೇ ಬೈಯುತ್ತಿದ್ದರು. ಒಂದು ದಿನ "ನೀರು" ಎಂದರು. ಅವತ್ತು ಮನೆಯಲ್ಲಿ ಪಾಯಸ ಮಾಡಿದೆ. ಮಾತು ಮರಳುತ್ತಿದೆ, ಇನ್ನು ಆ ಮಾತೂ ಬಂದೀತು ಎಂಬ ಆಸೆ ನನಗೆ.

ಒಂದು ಬೆಳಿಗ್ಗೆ ತರೀಕೆರೆಯಾಕೆ ತನ್ನ ಶಿಷ್ಯೆಯೊಬ್ಬಳನ್ನು ಕರೆದುಕೊಂಡು ಬಂದಳು. ನಾನು ಮೇಷ್ಟ್ರ ತೋಳು ಹಿಡಿದು ಎತ್ತಿಸುತ್ತಿದ್ದೆ. ಆ ಹುಡುಗಿ ವಿನಯದಿಂದ, ಇವರೂ ಯೋಗದ ಮೇಡಮ್ಮೇ ಎಂದು ಮೇಷ್ಟ್ರನ್ನು ಕೇಳಿದಳು. ಮೇಷ್ಟ್ರು ನನ್ನ ಮುಖ ನೋಡಿದರು. ನಾನು ಹೇಳಿಕೊಟ್ಟಿದ್ದ ಹಾಗೆಯೇ ನಿಧಾನವಾಗಿ ಉಸಿರು ತೆಗೆದುಕೊಂಡರು.

"ಅಲ್ಲ. ಕೈಕಾಲು ಒತ್ತಕ್ಕೆ ಬತ್ತಾಳೆ" ಎಂದರು.

ಒಂದು ಅಕ್ಷರವೂ ತೊದಲಲಿಲ್ಲ. ಕಾಯಿಲೆ ಬಿದ್ದ ಮೇಲೆ ಅವರು ಆಡಿದ ಮೊದಲ ಪೂರ್ತಿ ಮಾತು ಅದು. ಒಳಗಿನಿಂದ ಅವರ ಹೆಂಡತಿ ಓಡಿಬಂದು, ಮಾತಾಡಿದ್ರಲ್ಲ ಎಂದು ನನ್ನ ಎರಡೂ ಕೈ ಹಿಡಿದುಕೊಂಡು ಅತ್ತರು. ತರೀಕೆರೆಯಾಕೆ ನೆಲ ನೋಡುತ್ತಿದ್ದಳು. ನಾನು ಕೈ ಬಿಡಿಸಿಕೊಂಡು, ಬೆರಳು ಬಿಡಿಸುವುದು ಉಳಿದಿತ್ತು, ಅದನ್ನೂ ಮುಗಿಸಿ ಬಂದೆ. ಮಾರನೇ ದಿನವೂ ಹೋದೆ. 

ಆ ಬೇಸಿಗೆಯಲ್ಲಿ ಎರಡನೇ ಸಲ ಲಕ್ವ ಹೊಡೆದು ಅವರು ತೀರಿಕೊಂಡರು. ಈಗ ಕಡೂರಿನಲ್ಲಿ ನನ್ನದೇ ತರಗತಿ ಇದೆ. ಬಗ್ಗಲಾರದವರೆಲ್ಲ ನನ್ನ ಬಳಿಗೇ ಬರುತ್ತಾರೆ, ಯಾಕೆಂದರೆ ಮೈ ಎಲ್ಲೆಲ್ಲಿ ತಪ್ಪುತ್ತದೆ ಎಂಬುದು ನನಗೆ ಬಾಯಿಪಾಠ. ಅದನ್ನು ಮೇಷ್ಟ್ರೇ ನನ್ನ ಮೈಮೇಲೆ ಕಲಿಸಿದ್ದು. ಅವರ ಮೇಲಿನ ಸಿಟ್ಟು ಆರಿಲ್ಲ. ಅವರಿಲ್ಲ ಎಂಬ ಸಂಕಟವೂ ಆರಿಲ್ಲ.

ಬೆಳಿಗ್ಗೆ ಎಲ್ಲರಿಗೂ ಎದುರಾಗಿ ಚಾಪೆ ಹಾಸಿ ಕೂತವಳು, ಪಾಠ ಶುರುಮಾಡುವ ಮುಂಚೆ ಸ್ವಲ್ಪ ಹೊತ್ತು ಸುಮ್ಮನಿರುತ್ತೇನೆ. ಮೇಡಂ ಧ್ಯಾನ ಮಾಡುತ್ತಿದ್ದಾರೆ ಎಂದುಕೊಂಡು ಎದುರಿಗೆ ಕೂತವರೂ ಕಣ್ಣು ಮುಚ್ಚುತ್ತಾರೆ. ನಾನು ಆ ಎರಡು ಪದಕ್ಕೆ ಕಾಯುತ್ತಿರುತ್ತೇನೆ, ಹೇಳಬೇಕಾದವರು ಇನ್ನಿಲ್ಲ ಎಂದು ಗೊತ್ತಿದ್ದೂ.