ಭಾವಿಕೇರಿಯ ಲೈನ್‌ಮನ್ ಮತ್ತು ಹಸಿರು ಚಡ್ಡಿಯ ಕುಳ್ಳ

ನಮ್ಮ ಭಾವಿಕೇರಿಯ ಕರೆಂಟಿಗೆ ಕಾಲಿದೆ ಎಂದು ನಾನು ಮೊದಲಿನಿಂದಲೂ ಹೇಳುತ್ತ ಬಂದಿದ್ದೇನೆ. ಮಳೆಗಾಲದಲ್ಲಿ ಬೆಳಂಬಾರದ ಕಡೆ ಒಂದು ಮೋಡ ಕೆಮ್ಮಿದರೆ ಸಾಕು, ಅದು ಎದ್ದು ಹೊರಟುಬಿಡುತ್ತದೆ. ಎಲ್ಲಿಗೆ ಹೋಯಿತು, ಯಾವಾಗ ಬರುತ್ತದೆ ಎಂಬುದನ್ನು ಬ್ರಹ್ಮನನ್ನು ಕೇಳಿ ಪ್ರಯೋಜನವಿಲ್ಲ. ದೇವಿದಾಸನನ್ನು ಕೇಳಬೇಕು. ದೇವಿದಾಸ ನಮ್ಮೂರಿನ ಲೈನ್‌ಮನ್. ನನ್ನ ಬೇಲಿಯ ಆಚೆಗೇ ಅವನ ಮನೆ.

ಆಳು ತೆಳ್ಳಗೆ. ಗಾಳಿ ಬಂದಾಗ ಕಂಬದ ಮೇಲೆ ತಂತಿಯ ಜೊತೆ ಅವನೂ ಅಲ್ಲಾಡುತ್ತಾನೆ. ಕೆಳಗೆ ನಿಂತವರಿಗೆ ತಂತಿ ಯಾವುದು ದೇವಿದಾಸ ಯಾವುದು ತಿಳಿಯುವುದಿಲ್ಲ. ಊರಿನವರು ಅವನನ್ನು ಊಟವಾಯಿತೇ ಎಂದು ಕೇಳಿದ್ದೇ ಇಲ್ಲ. ಕರೆಂಟ್ ಯಾವಾಗ ಬತ್ತದೆ ಎಂಬುದೇ ಅವನಿಗೆ ನಮಸ್ಕಾರ. ಅವನ ಮದುವೆಯ ದಿನ ಪುರೋಹಿತರು ಮಂತ್ರವನ್ನು ಅರ್ಧಕ್ಕೆ ನಿಲ್ಲಿಸಿ ಕಿವಿಯಲ್ಲಿ ಕೇಳಿದ್ದೂ ಅದನ್ನೇ. ಅಮಿತಾ ತಾಳಿ ಕಟ್ಟಿಸಿಕೊಂಡದ್ದು ಟಾರ್ಚಿನ ಬೆಳಕಿನಲ್ಲಿ ಎಂದು ನಾನು ಹೇಳಿದರೆ ಅವಳು ಒಪ್ಪುವುದಿಲ್ಲ, ಗ್ಯಾಸ್‌ಲೈಟು ಇತ್ತು ಎನ್ನುತ್ತಾಳೆ.

ಇಂಥ ಮನುಷ್ಯನ ಸಂಸಾರದಲ್ಲಿ ಈ ಎರಡು ಸಾವಿರದ ಏಳರ ಮಳೆಗಾಲದಲ್ಲಿ ಶನಿ ಹೊಕ್ಕಿತು. ಹೊಕ್ಕಿದ್ದು ಬಸ್ಸಿನಲ್ಲಿ, ಕಂಡಕ್ಟರನ ಕೈಯಲ್ಲಿ, ಸೀರೆಯ ಚೂರಿನಲ್ಲಿ ಕಟ್ಟಿದ ಗಂಟಿನ ರೂಪದಲ್ಲಿ. ಕಳಿಸಿದವಳು ತೋಡೂರಿನ ಗೋದಾವರಿ, ದೇವಿದಾಸನ ಸೋದರತ್ತೆ. ನೌಕಾನೆಲೆಗೆ ಜಾಗ ಬಿಟ್ಟುಕೊಟ್ಟು ಹೊಸ ಮನೆಗೆ ಬಂದಾಗ ಕಟ್ಟಿಟ್ಟ ಟ್ರಂಕೊಂದನ್ನು ಅವಳು ವರ್ಷಗಳ ಮೇಲೆ ಬಿಚ್ಚಿದ್ದಳಂತೆ. ಒಳಗೆ ಒಂದು ಸೇರು, ಎರಡು ಸೌಟು, ಮತ್ತು ಟಿವಿಗೆ ಸಿಕ್ಕಿಸಿ ಆಡುವ ಹಳೆಯ ವಿಡಿಯೋ ಗೇಮ್. ಸೇರು, ಸೌಟು ಇಟ್ಟುಕೊಂಡು ಗೇಮನ್ನು ಸೋದರಳಿಯನಿಗೆ ಕಳಿಸಿದಳು. ಅತ್ತೆಗೆ ವಿವೇಕ ಇತ್ತು.

ದೇವಿದಾಸ ಗಂಟು ಬಿಚ್ಚಿದವನೇ ನೆಲದ ಮೇಲೆ ಕೂತುಬಿಟ್ಟ. ನಾಲ್ಕನೇ ತರಗತಿಯ ಬೇಸಿಗೆ ರಜೆಯನ್ನೆಲ್ಲ ಅವನು ಈ ಡಬ್ಬಿಯ ಎದುರು ಕಳೆದವನು. ಅವನೂ ಅತ್ತೆಯ ಮಗ ರೂಪೇಶನೂ. ಆದರೆ ಕಡಲ ದಂಡೆಯ ಉಪ್ಪುಗಾಳಿ ಕಬ್ಬಿಣದ ಸಲಾಕೆಯನ್ನೇ ಹಪ್ಪಳ ಮಾಡುವಂಥದ್ದು, ಡಬ್ಬಿಗೆ ಸಿಕ್ಕಿಸುವ ಆಟದ ಕ್ಯಾಸೆಟ್ಟನ್ನು ಬಿಟ್ಟೀತೇ? ಅದರ ತಾಮ್ರದ ಹಲ್ಲುಗಳೆಲ್ಲ ಪಾಚಿಗಟ್ಟಿ ಹಸಿರಾಗಿದ್ದವು. ಸಿಕ್ಕಿಸಿದರೆ ಟಿವಿಯಲ್ಲಿ ಬರೀ ಇರುವೆ ಸಾಲು. ಅವನು ಚಿಕ್ಕಂದಿನ ಹಾಗೆ ಬಾಯಿಂದ ಊದಿದ. ಊದಿದ ಗಾಳಿಗೆ ನನ್ನ ಅಂಗಳದ ಒಣಮೀನು ಹಾರಿಹೋದದ್ದು ಬಿಟ್ಟರೆ ಬೇರೇನೂ ಆಗಲಿಲ್ಲ.

ಆಮೇಲೆ ನಡೆದದ್ದು ನಮ್ಮ ಕರಾವಳಿಯ ಹೆಂಗಸು ಮಾತ್ರ ಮಾಡಬಲ್ಲ ತಪ್ಪು. ಶುಕ್ರವಾರ ಅಮಿತಾ ದೇವರ ಮುಂದಿನ ಹಿತ್ತಾಳೆ ದೀಪಗಳನ್ನು ಮುರುಗಲು ಹಣ್ಣಿನ ಹುಳಿ ಸಿಪ್ಪೆ, ಉಪ್ಪು ಹಾಕಿ ತಿಕ್ಕುತ್ತಿದ್ದಳು. ಪಕ್ಕದಲ್ಲಿ ಬಿದ್ದಿದ್ದ ಕ್ಯಾಸೆಟ್ಟಿನ ಕಿಲುಬು ಕಣ್ಣಿಗೆ ಬಿತ್ತು. ಕಿಲುಬು ಕಂಡರೆ ಸುಮ್ಮನೆ ಕೂರುವ ಜಾತಿಯಲ್ಲ ಅವಳು. ಅದಕ್ಕೂ ನಾಲ್ಕು ಸಲ ಎಳೆದಳು. ತಾಮ್ರ ಹೊಸ ತಂಬಿಗೆಯ ಹಾಗೆ ಹೊಳೆಯಿತು. ಒರೆಸಿ ಒಣಗಿಸಿ ಸಿಕ್ಕಿಸಿದರೆ, ಡಿಂಗ್ ಎಂದು ಸದ್ದಾಗಿ ಪರದೆಯ ಮೇಲೆ ಹಸಿರು ಚಡ್ಡಿ ತೊಟ್ಟ ಕುಳ್ಳನೊಬ್ಬ ಸುತ್ತಿಗೆ ಹಿಡಿದು ಎದ್ದುನಿಂತ. ತನ್ನ ಸಂಸಾರವನ್ನು ತಾನೇ ಮುರುಗಲು ಹಾಕಿ ತಿಕ್ಕಿಕೊಂಡೆ ಎಂದು ಅವಳು ಆಮೇಲೆ ನನ್ನ ಹೆಂಡತಿಯ ಹತ್ತಿರ ಎಷ್ಟು ಸಲ ಹೇಳಿಕೊಂಡಳೋ.

ಆಟ ನೋಡಲು ಬಹಳ ಸುಲಭ. ಕುಳ್ಳ ಬಲಕ್ಕೆ ಓಡಬೇಕು, ಹೊಂಡ ಬಂದರೆ ಹಾರಬೇಕು, ಎದುರು ಬಂದವರನ್ನು ಸುತ್ತಿಗೆಯಿಂದ ಬಡಿಯಬೇಕು. ಎಂಟು ಸ್ಟೇಜು, ಮೂರು ಜೀವ. ಇಷ್ಟೇ. ಆದರೆ ಮಾಡಿದವನು ಯಾರೋ ಮಕ್ಕಳನ್ನು ಕಂಡರಾಗದ ಪುಣ್ಯಾತ್ಮ. ಕುಳ್ಳ ಒಮ್ಮೆ ನೆಲ ಬಿಟ್ಟನೆಂದರೆ ಗಾಳಿಯಲ್ಲಿ ಅವನನ್ನು ಅತ್ತಿತ್ತ ತಿರುಗಿಸುವಂತಿಲ್ಲ. ಸರಕಾರಿ ಆದೇಶದ ಹಾಗೆ, ಹೊರಟದ್ದು ಹೊರಟೇ ಹೋಯಿತು. ಅದರಲ್ಲೂ ಒಂದು ಕಾಗೆ. ಅದು ಎದುರಿನಿಂದ ಬರುವುದಿಲ್ಲ. ಕುಳ್ಳ ಹೊಂಡದ ನಟ್ಟನಡುವೆ ಗಾಳಿಯಲ್ಲಿರುವಾಗ ಹಿಂದಿನಿಂದ ಬಂದು ತಲೆಗೆ ಕುಕ್ಕುತ್ತದೆ. ಕುಕ್ಕಿದರೆ ಜೀವ ಹೋಗುವುದಿಲ್ಲ, ಒಂದು ಗೇಣು ಹಿಂದಕ್ಕೆ ಸರಿಯುತ್ತಾನೆ ಅಷ್ಟೇ. ಆ ಒಂದು ಗೇಣು ಸರಿದರೆ ಕೆಳಗೆ ಹೊಂಡ. ಮೂರು ಜೀವ ಮುಗಿದರೆ ಮೊದಲನೇ ಸ್ಟೇಜಿನಿಂದ ಮತ್ತೆ ಶ್ರೀಗಣೇಶಾಯ ನಮಃ. ಆಡಿದ್ದನ್ನು ಉಳಿಸಿಡುವ ಉಪಾಯವೇ ಅದರಲ್ಲಿಲ್ಲ.

ಇದನ್ನು ಮುಗಿಸಲೇಬೇಕೆಂದು ದೇವಿದಾಸ ಹಟ ಹಿಡಿದದ್ದಕ್ಕೆ ಕಾರಣ ರೂಪೇಶ. ಆ ಬೇಸಿಗೆಯಲ್ಲಿ ಒಂದು ಮಧ್ಯಾಹ್ನ ಅತ್ತೆ ದೇವಿದಾಸನನ್ನು ಬಾವಿಯಿಂದ ನೀರು ತರಲು ಕಳಿಸಿದ್ದಳು. ಅವನು ಕೊಡ ಇಳಿಸಿ ಒಳಗೆ ಬರುವಷ್ಟರಲ್ಲಿ ರೂಪೇಶ ಎಂಟನೇ ಸ್ಟೇಜಿನ ಗೋಪುರದ ಮೇಲಿದ್ದ ರಾಕ್ಷಸನನ್ನು ಕೊಂದು, ಕೊನೆಯನ್ನು ನೋಡಿ, ಕಾಲು ಚಾಚಿ ಕೂತಿದ್ದ. ಪರದೆಯ ಮೇಲೆ ಮತ್ತೆ ಮೊದಲನೇ ಸ್ಟೇಜು ಬಂದಾಗಿತ್ತು. ಕೊನೆಗೆ ಏನಿತ್ತು ಎಂದು ದೇವಿದಾಸ ಕೇಳಿದ. ನೋಡಿದವರಿಗೆ ಗೊತ್ತು ಎಂದ ರೂಪೇಶ. ಅಂದಿನಿಂದಲೂ ಅದೇ ಉತ್ತರ. ಈಗ ಅವನು ಕಾರವಾರದಲ್ಲಿ ಯಾವುದೋ ಕಚೇರಿಯಲ್ಲಿ ಗುಮಾಸ್ತ. ಮದುವೆ, ತಿಥಿ, ಚೌತಿ, ಎಲ್ಲಿ ಸಿಕ್ಕರೂ ಹುಬ್ಬು ಹಾರಿಸಿ ಅದನ್ನೇ ಹೇಳುತ್ತಿದ್ದ. ಮನುಷ್ಯನಿಗೆ ಮೀನಿನ ಮುಳ್ಳು ಗಂಟಲಲ್ಲಿ ಸಿಕ್ಕರೆ ಅನ್ನದ ಉಂಡೆ ನುಂಗಿ ಇಳಿಸಬಹುದು. ಈ ಮುಳ್ಳು ದೇವಿದಾಸನ ಗಂಟಲಲ್ಲಿ ಹದಿನೈದು ವರ್ಷ ಇತ್ತು.

ಅವನ ಪಾಲಿಗೆ ಕಾಗೆಗಿಂತ ದೊಡ್ಡ ವೈರಿ ಕರೆಂಟು. ಕುಳ್ಳನನ್ನು ಆರನೇ ಸ್ಟೇಜಿನ ಹೊಂಡದ ಮೇಲಿನ ಮುರುಕು ಸಂಕ ದಾಟಿಸುತ್ತಾನೆ, ಏಳರ ಬಾಗಿಲಿಗೆ ತಂದು ನಿಲ್ಲಿಸುತ್ತಾನೆ, ಫಕ್ಕನೆ ಪರದೆ ಕಪ್ಪಾಗುತ್ತದೆ. ಸಿಟ್ಟು ತೀರಿಸಿಕೊಳ್ಳಲು ಬೇರೆಯವರಿಗಾದರೆ ಲೈನ್‌ಮನ್ ಇದ್ದಾನೆ. ಲೈನ್‌ಮನ್ ಯಾರನ್ನು ಬೈಯಬೇಕು? ಸಾಲದ್ದಕ್ಕೆ ಅದೇ ಗಳಿಗೆಗೆ ಊರಿನ ಫೋನುಗಳೆಲ್ಲ ಅವನ ಮೊಬೈಲಿಗೆ ನುಗ್ಗುತ್ತವೆ. ತನ್ನ ಕುಳ್ಳ ಸತ್ತ ಸೂತಕದಲ್ಲೇ ಅವನು ಏಣಿ ಹೊತ್ತು ಹೋಗಬೇಕು. ಅವನು ಕಂಬದ ಮೇಲಿಂದ ಆ ದಿನಗಳಲ್ಲಿ ಬೈದ ಬೈಗುಳಕ್ಕೆ ಗಂಗಾವಳಿ ಹೊಳೆ ನಾಚಿ ರಾಮನಗುಳಿಯವರೆಗೆ ಹಿಂದಕ್ಕೆ ಹರಿಯಿತು ಎಂದು ನಾನು ಪೇಟೆಯಲ್ಲಿ ಹೇಳಿದೆ. ಕಡಲು ಉಕ್ಕುವ ಭರತ ಇದ್ದಿರಬೇಕು ಎಂದರು. ನಂಬದವರಿಗೆ ಎಲ್ಲಕ್ಕೂ ಒಂದು ಕಾರಣ ಇರುತ್ತದೆ.

ಇನ್ವರ್ಟರ್ ತರಬಾರದೇ ಎಂದು ನಾನು ಬೇಲಿಯಿಂದ ಒಂದು ದಿನ ಸಲಹೆ ಕೊಟ್ಟೆ. ಅವನು ನನ್ನನ್ನು ನೋಡಿದ ನೋಟ ನೆನಪಿದೆ. ಲೈನ್‌ಮನ್ ಮನೆಗೆ ಇನ್ವರ್ಟರ್ ಬಂದರೆ ಊರಿನವರು ಏನಂದಾರು? ಇವನಿಗೇ ಇವನ ಕರೆಂಟಿನ ಮೇಲೆ ನಂಬಿಕೆಯಿಲ್ಲ ಅಂದಾರು. ಅದು ಮಾನದ ಪ್ರಶ್ನೆ. ಮಾನ ಇದ್ದವನ ಮನೆಯಲ್ಲಿ ಆಟ ಮುಂದೆ ಹೋಗುವುದಿಲ್ಲ.

ಅಮಿತಾಳ ಕಷ್ಟ ಬೇರೆ. ಅವಳ ಧಾರಾವಾಹಿ ನಿಂತಿತು. ಡಬ್ಬಿಯ ಅಡಾಪ್ಟರು ಕಾದು ಕಾದು ಅದರ ಮೇಲೆ ದೋಸೆ ಹೊಯ್ಯಬಹುದಿತ್ತು. ಗಂಡ ಊಟಕ್ಕೆ ಕರೆದರೆ ಬರುವುದಿಲ್ಲ, ಬಂದರೆ ಎಡಗೈಯ ಹೆಬ್ಬೆರಳು ಗಾಳಿಯಲ್ಲಿ ಗುಂಡಿ ಒತ್ತುತ್ತಿರುತ್ತದೆ. ಬಿ.ಎ. ಓದಿದ ಹೆಂಗಸು. ಚಡ್ಡಿ ಹಾಕಿದ ಕುಳ್ಳನೊಬ್ಬ ತನ್ನ ಸವತಿಯಾಗುತ್ತಾನೆ ಎಂದು ಅವಳು ಕನಸಿನಲ್ಲೂ ಎಣಿಸಿರಲಿಲ್ಲ.

ಶ್ರಾವಣದ ಒಂದು ಭಾನುವಾರ ಬೆಳಿಗ್ಗೆ ಮಳೆ ಬಿಟ್ಟು ಹೊಳವಾಯಿತು. ದೇವಿದಾಸ ಆಟಕ್ಕೆ ಕೂತ. ಅಂದು ಅವನ ಕೈಯಲ್ಲಿ ದೇವರಿದ್ದ. ಸಂಕ ದಾಟಿತು. ಏಳು ಮುಗಿಯಿತು. ಕಾಗೆ ಬಂದಾಗ ಅದನ್ನು ಹಾರಲು ಬಿಟ್ಟು ತಾನು ಆಮೇಲೆ ಹಾರಿದ. ಮಧ್ಯಾಹ್ನದ ಹೊತ್ತಿಗೆ ಗೋಪುರದ ತುದಿಯಲ್ಲಿ ರಾಕ್ಷಸನ ಎದುರು ಕುಳ್ಳ ನಿಂತಿದ್ದ. ಇದ್ದದ್ದು ಒಂದೇ ಜೀವ. ಬಡಿದ, ತಪ್ಪಿಸಿಕೊಂಡ, ಬಡಿದ. ರಾಕ್ಷಸ ಕೆಂಪಗಾಗಿ ಮಿಣುಕತೊಡಗಿದ. ಅಂದರೆ ಇನ್ನೊಂದೇ ಏಟು. ಸಾರಿನ ಸೌಟು ಹಿಡಿದು ಬಂದಿದ್ದ ಅಮಿತಾ ಕೂಡ ಬಾಗಿಲಲ್ಲೇ ನಿಂತುಬಿಟ್ಟಳು.

ಆಗ ಮೊಬೈಲು ಹೊಡೆದುಕೊಂಡಿತು. ಮಾತಾಡಿದ್ದು ದುರ್ಗಿ, ಕೆಳಗಿನ ಗದ್ದೆಯ ಸುಕ್ರನ ಹೆಂಡತಿ.

"ತಮ್ಮಾ, ಕರೆಂಟಿನ ತಂತಿ ಹರದು ನಮ್ಮ ಗದ್ದೀಲಿ ಬಿದ್ಕಂಡದೆ. ಎಮ್ಮೆ ಅತ್ಲಾಗೇ ಹೋಗ್ತದೆ, ಇವ್ರು ಅದರ ಬೆನ್ನಿಗೆ ಓಡ್ತಿದ್ರು."

"ಸುಕ್ರಣ್ಣಂಗೆ ನಿಲ್ಲು ಹೇಳು. ನೀರಿಗೆ ಕಾಲ್ ಹಾಕೂಕೆ ಬಿಡ್ಬೇಡ. ಎಮ್ಮೆ ಹೋದ್ರೆ ಹೋಗ್ಲಿ."

ಆ ಗದ್ದೆಗೂ ಅವನ ಮನೆಗೂ ಒಂದೇ ಲೈನು. ಅಲ್ಲಿ ಸಾವು ತಪ್ಪಬೇಕಾದರೆ ಇಲ್ಲಿ ಕತ್ತಲಾಗಬೇಕು. ಅವನು ಆಟವನ್ನು ಒತ್ತಿ ನಿಲ್ಲಿಸಿದ, ಸಬ್‌ಸ್ಟೇಷನ್ನಿನ ಗಣೇಶನ ನಂಬರು ಒತ್ತಿದ. ತಡಮಾಡಲಿಲ್ಲ, ಅದಕ್ಕೆ ಅಮಿತಾ ಸಾಕ್ಷಿ. ಆದರೆ ಗಣೇಶನ ಸ್ವಭಾವ ಇಡೀ ತಾಲೂಕಿಗೆ ಗೊತ್ತು. ಅವನ ಫೋನು ಬಡಿಯತೊಡಗಿದರೆ ಅವನು ಎಲೆ ಅಡಿಕೆ ಉಗಿದು, ಬಾಯಿ ಮುಕ್ಕಳಿಸಿ, ಕನ್ನಡಕ ಹುಡುಕಿ ಎತ್ತುವಷ್ಟರಲ್ಲಿ ಕರೆದವನಿಗೆ ಗಡ್ಡ ಬೆಳೆದಿರುತ್ತದೆ. ಆ ಧೈರ್ಯದಿಂದ ದೇವಿದಾಸ ಮೊಬೈಲನ್ನು ಕಿವಿಗೂ ಭುಜಕ್ಕೂ ನಡುವೆ ಒತ್ತಿ ಹಿಡಿದು ಎರಡೂ ಕೈಗಳಿಂದ ಕುಳ್ಳನನ್ನು ಮತ್ತೆ ಎಬ್ಬಿಸಿದ. ಕುಳ್ಳ ಸುತ್ತಿಗೆ ಎತ್ತಿ ಹಾರಿದ.

ತನ್ನ ನೌಕರಿಯ ಚರಿತ್ರೆಯಲ್ಲಿ ಅಂದು ಮೊದಲ ಸಲ, ಬಹುಶಃ ಕೊನೆಯ ಸಲ, ಗಣೇಶ ಮೊದಲನೇ ಗಂಟೆಗೇ ಫೋನು ಎತ್ತಿದ.

"ಗಣೇಶಾ, ಭಾವಿಕೇರಿ ಲೈನ್ ಬಂದ್ ಮಾಡು. ತಂತಿ ಬಿದ್ದದೆ, ಜನ ಅವ್ರೆ."

ಆಯ್ತು ಎಂಬ ಶಬ್ದ ಕಿವಿಗೆ ಮುಟ್ಟುವ ಮೊದಲೇ ಪರದೆ ಕಪ್ಪಾಯಿತು. ಕುಳ್ಳ ಗಾಳಿಯಲ್ಲಿದ್ದವನು ಇಳಿಯಲೇ ಇಲ್ಲ.

ದೇವಿದಾಸ ಕೈಗವಸು, ಹಗ್ಗ, ಏಣಿ ಎತ್ತಿಕೊಂಡು ಹೋದ. ಅವನು ಬೈಯದೇ ಹೋದದ್ದನ್ನು ಕೇಳಿ ನಾನು ಹೆದರಿ, ಕೊಡೆ ಹಿಡಿದು ಹಿಂದೆಯೇ ಹೋದೆ. ಗದ್ದೆಯ ಬದುವಿನಲ್ಲಿ ದುರ್ಗಿ ಗಂಡನ ಅಂಗಿಯನ್ನು ಎರಡೂ ಕೈಗಳಿಂದ ಹಿಡಿದುಕೊಂಡು ನಿಂತಿದ್ದಳು. ಎಮ್ಮೆ ತಂತಿಯನ್ನು ದಾಟಿ ಆಚೆ ಹುಲ್ಲು ಮೇಯುತ್ತಿತ್ತು, ಎಲ್ಲ ತಿಳಿದವರ ಹಾಗೆ. ಸುತ್ತ ನೆರೆದವರು ಕರೆಂಟ್ ಯಾವಾಗ ಬತ್ತದೆ ಎಂದು ಕೇಳಿದರು.

ತಂತಿ ಎಳೆದು ಬಿಗಿದು ಅವನು ಕೆಳಗಿಳಿದಾಗ ದುರ್ಗಿ ಮುಖ ಯಾಕೆ ಹೀಗಾಗಿದೆ ಎಂದು ವಿಚಾರಿಸಿದಳು. ಯಾರಾದರೂ ಕೇಳಲಿ ಎಂದು ಕಾದಿದ್ದನೋ ಏನೋ, ದೇವಿದಾಸ ಎಲ್ಲವನ್ನೂ ಹೇಳಿದ: ಗೋಪುರ, ರಾಕ್ಷಸ, ಒಂದೇ ಏಟು, ಗಾಳಿಯಲ್ಲಿ ಉಳಿದ ಕುಳ್ಳ. ಅವಳು ಗಂಭೀರವಾಗಿ ಕೇಳಿಸಿಕೊಂಡಳು.

"ಪಾಪ. ಹಂಗಾರೆ ಅಂವ ಈಗ ಎಲ್ಲವ್ನೆ?"

ಆ ಪಾಪ ಎಂಬುದು ಕುಳ್ಳನಿಗೆ, ತನಗಲ್ಲ ಎಂದು ತಿಳಿದಾಗ ದೇವಿದಾಸನ ಮುಖದಲ್ಲಿ ಉಳಿದಿದ್ದ ಕಳೆಯೂ ಇಳಿಯಿತು.

ಮನೆಗೆ ಬಂದು ಕಾಲು ತೊಳೆದವನೇ ಕಾರವಾರಕ್ಕೆ, ರೂಪೇಶನಿಗೆ ಫೋನು ಮಾಡಿದ. ಹದಿನೈದು ವರ್ಷ ಬಾಯಿಗೆ ಬಾರದ ಮಾತು ಆಗ ಬಂತು. ಅಮಿತಾ ಪಕ್ಕದಲ್ಲೇ ಇದ್ದಳು, ನಾನು ಜಗುಲಿಯಲ್ಲಿ ಚಾ ಕುಡಿಯುತ್ತಿದ್ದೆ.

"ಭಾವಾ, ನಾ ಸೋತೆ. ಈಗಾದ್ರೂ ಹೇಳು. ಕೊನೀಗೆ ಎಂತ ಇತ್ತು?"

ಆ ಮೊಬೈಲಿನ ದನಿ ಜಗುಲಿಯವರೆಗೂ ಕೇಳುತ್ತದೆ. ರೂಪೇಶ ಹುಬ್ಬು ಹಾರಿಸುತ್ತಿದ್ದಾನೆ ಎಂದುಕೊಂಡೆ. ಆಮೇಲೆ ಕೇಳಿದ ದನಿ ಅಂಥದ್ದಾಗಿರಲಿಲ್ಲ.

"ಎಂತದೋ ಬರ್ದಿತ್ತು ಮಾರಾಯ. ಪರದೆ ತುಂಬ ಇಂಗ್ಲಿಷು. ನಾಲ್ಕನೇ ಕ್ಲಾಸು ಮುಗ್ಸಿದವಂಗೆ ಎಬಿಸಿಡಿ ಎಲ್ಲಿ ಬತ್ತಿತ್ತು? ನೋಡ್ತಾ ಇದ್ದ ಹಂಗೇ ಹೋಯ್ತು."

ಓದಲು ಬರಲಿಲ್ಲ ಎಂದು ಅಂದು ಹೇಳಿದ್ದರೆ ದೇವಿದಾಸ ನಗುತ್ತಿದ್ದ. ಅದಕ್ಕೆ ನೋಡಿದವರಿಗೆ ಗೊತ್ತು ಎಂದದ್ದಂತೆ. ಒಮ್ಮೆ ಹೇಳಿದ ಮೇಲೆ ಬಿಡಲಾಗಲಿಲ್ಲವಂತೆ. ಪರೀಕ್ಷೆ ಬರೆದು ಗುಮಾಸ್ತನಾದ ಮೇಲೂ ಆಗಾಗ ಮಧ್ಯಾಹ್ನ ಕಡತದ ಮುಂದೆ ಕೂತು, ಅಲ್ಲಿ ಏನು ಬರೆದಿದ್ದಿರಬಹುದು ಎಂದು ಅವನೂ ಯೋಚಿಸುತ್ತಾನಂತೆ.

ದೇವಿದಾಸ ಫೋನು ಇಟ್ಟು ಗೋಡೆ ನೋಡುತ್ತ ಕೂತ. ಬೈಯಲು ಯಾರೂ ಉಳಿದಿರಲಿಲ್ಲ. ಬೈದದ್ದು ಅಮಿತಾ.

"ಓದೂಕೆ ಬಾರ್ದವ ಒಬ್ಬ ಕೊನೀ ಮುಟ್ಟಿ ಬಂದ, ನೀವು ಅವನ ಬೆನ್ನಿಗೆ ಬಿದ್ದು ನನ್ನ ಟಿವಿ ತಿಂದ್ರಿ. ಚಲೋ ಆಯ್ತು." ಸೌಟನ್ನು ಟಿವಿಯ ಕಡೆ ತೋರಿಸಿದಳು. "ಕರೆಂಟ್ ಬಂದದೆ. ಹಾಕಿ ಅದ್ನ. ಎಂತ ಬರ್ದದೆ ನಾ ಓದ್ತೆ."

ದೇವಿದಾಸ ಅವಳನ್ನು ನೋಡಿದ. ಅವಳು ಸೌಟನ್ನು ಕಿಟಕಿಯ ಮೇಲಿಟ್ಟು ಚಾಪೆ ಎಳೆದುಕೊಂಡು ಕೂತಾಗಿತ್ತು.

ಇದನ್ನು ಬರೆಯುವ ಹೊತ್ತಿಗೆ ಗಂಡ ಹೆಂಡತಿ ಐದನೇ ಸ್ಟೇಜಿನವರೆಗೆ ಮುಟ್ಟಿದ್ದಾರೆ. ನಿನ್ನೆ ಅಮಿತಾ ಹೇಳಿದ ಗಳಿಗೆಗೆ ಹಾರಿದ್ದರೆ ಆರನೆಯದು ಸಿಗುತ್ತಿತ್ತಂತೆ. ಅದು ಅವಳ ಹೇಳಿಕೆ. ಅವನದು ಬೇರೆ ಇದೆ. ಇಬ್ಬರೂ ನನ್ನ ಹತ್ತಿರ ನ್ಯಾಯ ಕೇಳಲು ಬಂದಿದ್ದರು, ನಾನು ಕಿವಿ ಕೇಳಿಸುವುದಿಲ್ಲ ಎಂದೆ.