ಕಾಕು ಕೂತು ನೋಡಿದ ಸೀಟು

ಮೊನ್ನೆ ಫೋಮ್ ಮಾದರಿ ನೋಡಲು ವಿಜಯವಾಡದ ಆಟೋನಗರ್‌ಗೆ ಹೋಗಿದ್ದೆ. ಬಸ್ಸಿನ ಸೀಟು ಹೊಲಿಯುವ ಅಂಗಡಿಯಲ್ಲಿ ಹೊಸ ರೆಕ್ಸಿನ್ ಮತ್ತು ಅಂಟಿನ ಘಾಟು ಮೂಗಿಗೆ ಬಡಿದದ್ದೇ ತಡ, ಕಾಕು ನೆನಪಾದರು… ಸೊಂಟದ ಮೇಲೆ ಎರಡೂ ಕೈಯಿಟ್ಟು, ನಮ್ಮ ಸೀಟನ್ನು ನೋಡಿ ಮುಖ ಸಿಂಡರಿಸಿ ನಿಂತ ಕಾಕು.

ಧಾರವಾಡದವರು. ಗಂಡನಿಗೆ ಬ್ಯಾಂಕಿನಲ್ಲಿ ಕೆಲಸ. ವರ್ಗವಾಗಿ ವಿಶಾಖಪಟ್ಟಣಕ್ಕೆ ಬಂದು ನಮ್ಮ ಮೇಲಿನ ಮನೆಯಲ್ಲಿದ್ದರು. ನಾನು ಹಾಸನದವಳಾದರೂ ಅವರ ಬಾಯಿಗೆ ಹೆದರಿ ಮೊದಲ ದಿನವೇ, ಅವರ ಕಡೆ ಚಿಕ್ಕಮ್ಮನನ್ನು ಕರೆಯುವಂತೆ, ಕಾಕು ಎನ್ನತೊಡಗಿದೆ. ಆಗ ಊರಂಚಿನ ದುವ್ವಾಡದ ಸಣ್ಣ ಕಂಪನಿಯೊಂದರಲ್ಲಿ ವಿಮಾನದ ಒಳಾಂಗಣ ವಿನ್ಯಾಸ ನನ್ನ ಕೆಲಸ. ಶೆಡ್ಡಿನಲ್ಲಿ ಹಲಗೆಯಿಂದ ವಿಮಾನದ ಒಂದು ತುಂಡು ಕಟ್ಟಿ, ಸೀಟು ಜೋಡಿಸಿ, ಭಾನುವಾರ ಪರಿಚಯದ ಸಂಸಾರಗಳನ್ನು ಕರೆದು ಕೂರಿಸುತ್ತಿದ್ದೆವು. ಇಡ್ಲಿ, ಕಾಫಿ ಕೊಡುತ್ತಿದ್ದೆವು. ಅಲ್ಲೇ ಆಗುತ್ತಿದ್ದದ್ದು ಎಡವಟ್ಟು. ತಿಂಡಿ ಕೊಟ್ಟವರ ಮುಖದ ಮೇಲೆ ಕೊರತೆ ಹೇಳುವುದು ಹೇಗೆ? ಮೊಣಕಾಲು ಮುಂದಿನ ಸೀಟಿಗೆ ಒತ್ತಿಕೊಂಡು ಕೂತವರೂ "ಚಾಲಾ ಬಾಗುಂದಂಡಿ", ತುಂಬಾ ಚೆನ್ನಾಗಿದೆ ಎಂದು ಕೈಮುಗಿದು ಹೋಗುತ್ತಿದ್ದರು. ನಾವು ಅದನ್ನೇ ನಂಬಿ ಬೀಗುತ್ತಿದ್ದೆವು.

ಕಾಕು ಮಾತ್ರ ಇಡ್ಲಿ ತಿಂದು, ಕಾಫಿ ಕುಡಿದು, ಎಲ್ಲರೆದುರು ಜಾಡಿಸಿದರು. "ಏನ್ ಸೀಟ್ ಮಾಡೀರವಾ ಇದು? ಕೂತ್ರ ಏಳ್ಲಿಕ್ಕೆ ಬರೂದಿಲ್ಲ, ಎದ್ರ ಕೂಡ್ಲಿಕ್ಕೆ ಬರೂದಿಲ್ಲ!"

ಆ ಸಿಟ್ಟಿಗೆ ಕಾರಣವಿತ್ತು. ಕಾಕುವಿನದು ದಪ್ಪ ಮೈ, ಮೊಣಕಾಲು ಸರಿಯಾಗಿ ಮಡಚುತ್ತಿರಲಿಲ್ಲ. ಅವರ ಒಬ್ಬರೇ ಅಕ್ಕ ನೌಕಾಪಡೆಯ ಗಂಡನೊಂದಿಗೆ ಪೋರ್ಟ್ ಬ್ಲೇರ್‌ನಲ್ಲಿ ನೆಲೆಸಿದ್ದರು. ಹಡಗು ಹತ್ತಿದರೆ ಕಾಕುವಿಗೆ ವಾಂತಿ. ಒಮ್ಮೆ ವಿಮಾನದಲ್ಲಿ ಹೋದಾಗ ಎರಡು ಕೈಯೊರಗುಗಳ ನಡುವೆ ಸಿಕ್ಕಿಕೊಂಡು, ಸಿಬ್ಬಂದಿ ಎಳೆದೆಬ್ಬಿಸುವಾಗ ಹಿಂದಿನ ಸಾಲಿನವರು ನಕ್ಕಿದ್ದರಂತೆ. ಅಂದಿನಿಂದ ವಿಮಾನದ ಹೆಸರೆತ್ತಿದರೆ ಉರಿದು ಬೀಳುತ್ತಿದ್ದರು. ಆದರೆ ಅಕ್ಕನನ್ನು ನೋಡುವ ಹಂಬಲ… ಅದು ಫೋನಿನಲ್ಲಿ ತೀರುವಂಥದ್ದಲ್ಲ.

"ಮಾನದಿಂದ ಕೂಡೂವಂಥಾ ಸೀಟ್ ಮಾಡು. ಅಕ್ಕನ ಕಡೆ ಹೋಗ್ತೀನಿ," ಎಂದರು ಒಂದು ದಿನ, ಮೆತ್ತಗೆ.

ಅಲ್ಲಿಂದ ಪ್ರತಿ ಮಾದರಿಗೂ ಕಾಕುವೇ ಮೊದಲ ಪ್ರಯಾಣಿಕರು. ನಡೆದಾಡುವ ದಾರಿಯ ಕಡೆಯ ಕೈಯೊರಗನ್ನು ಮೇಲೆತ್ತುವಂತೆ ಮಾಡಿದೆವು. ಅಡ್ಡಕ್ಕೆ ಕೂತು, ಆಮೇಲೆ ನಿಧಾನವಾಗಿ ಕಾಲು ತಿರುಗಿಸಿಕೊಳ್ಳಬಹುದಿತ್ತು. ಸೀಟಿನ ಬೆನ್ನಿನ ದಪ್ಪ ಇಳಿಸಿ ಹಿಂದಿನವರ ಮೊಣಕಾಲಿಗೆ ಜಾಗ ಬಿಟ್ಟೆವು. ಕೊನೆಗೊಂದು ಭಾನುವಾರ ಕಾಕು ಕೂತವರು ಏಳಲೇ ಇಲ್ಲ. ಹೋಗಿ ನೋಡಿದರೆ ಸಣ್ಣಗೆ ಗೊರಕೆ! ನಾನು ಕುಣಿದಾಡುವುದೊಂದು ಬಾಕಿ.

ವಿಮಾನದ ಸೀಟು ಮನೆಯ ಕುರ್ಚಿಯಲ್ಲವಲ್ಲ. ಬೆಂಕಿಯ ಪರೀಕ್ಷೆ, ಭಾರದ ಪರೀಕ್ಷೆ, ಮೇಲಿನವರ ಒಪ್ಪಿಗೆ… ವರ್ಷಗಳು ಸರಿದವು. ಕಾಕುವಿನ ಗಂಡನಿಗೆ ವಿಜಯವಾಡಕ್ಕೆ ವರ್ಗವಾಯಿತು. "ಬಂತೇನ ನಮ್ಮ ಸೀಟು?" ಎಂದು ಅಲ್ಲಿಂದಲೇ ಫೋನ್ ಮಾಡುತ್ತಿದ್ದರು. ಕೊನೆಗೂ ವಿಮಾನಕ್ಕೆ ಬಂತು ಎಂದು ನಾನು ಹೇಳಿದಾಗ, ಮಗುವಿನಂತೆ ಹಿಗ್ಗಿ ಟಿಕೆಟ್ ತೆಗೆಸಿದರು. ಹೊರಡುವ ದಿನ ಬರುವ ಮೊದಲೇ ಅವರ ಹೃದಯ ನಿಂತಿತು.

ಅಕ್ಕನೇ ಬಂದರು. ವಿಜಯವಾಡದ ವಿಮಾನ ನಿಲ್ದಾಣಕ್ಕೆ ನಾನು ಹೋಗಿದ್ದೆ. ಅದೇ ಮೈಕಟ್ಟು, ಅದೇ ನಡಿಗೆ… ಹೋಗಿ ಅವರ ಚೀಲ ಇಸಿದುಕೊಂಡೆ. ಅವರು ಬಂದಿಳಿದ ವಿಮಾನದಲ್ಲಿ ಇದ್ದದ್ದು ನಮ್ಮ ಸೀಟೇ. ಕಾರಿನಲ್ಲಿ ಏನು ಮಾತಾಡಬೇಕೋ ತಿಳಿಯದೆ, "ಸೀಟು ಇಕ್ಕಟ್ಟಾಯಿತೇ?" ಎಂದೆ. ಅದೆಂಥ ಹೊತ್ತಿನಲ್ಲಿ ಎಂಥ ಪ್ರಶ್ನೆ!

"ಸೀಟಾ?" ಎಂದರು. "ಹೆಂಗ ಕೂತೆ, ಹೆಂಗ ಎದ್ದೆ… ಒಂದೂ ತಿಳೀಲಿಲ್ಲ ನೋಡವಾ."

ನಮ್ಮ ಕಸುಬಿನಲ್ಲಿ ಇದಕ್ಕಿಂತ ದೊಡ್ಡ ಹೊಗಳಿಕೆ ಇಲ್ಲ. ನಾನು ಕಿಟಕಿಯ ಕಡೆ ತಿರುಗಿ ಅತ್ತೆ.

ಈಗಲೂ ಆ ಸೀಟಿನಲ್ಲಿ ಓಡಾಡುತ್ತೇನೆ. ಪಕ್ಕದವರು ಬರುವ ಮುನ್ನ ಆ ಕೈಯೊರಗನ್ನು ಒಮ್ಮೆ ಮೇಲೆತ್ತಿ ಹಿಡಿಯುತ್ತೇನೆ. ಯಾರೋ ಬರುತ್ತಾರೆ, ಕೂರುತ್ತಾರೆ. ಕಾಕು ಬರುವುದಿಲ್ಲ.